ಉಪಗ್ರಹದ ಮಳೆಗೂ ಮಾಪಕದ ಮಳೆಗೂ ತಾಳೆಯಾಗುತ್ತಿಲ್ಲ (ವರ್ತೂರು ಕಡೆಯ ನೆರೆ ಲೆಕ್ಕ)

ಕೆರೆಕೋಡಿ:
ವರ್ತೂರು ಕೆರೆಗೆ ನೀರು ಹರಿದು ಬರುವ ಇಡೀ ಪ್ರದೇಶಕ್ಕೆ ಸರಾಸರಿ ಮಳೆ ತೆಗೆಯುತ್ತಿದ್ದೇನೆ. ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಜೋರು ಮಳೆ ಬಂದಾಗಲೆಲ್ಲ ಐಮರ್ಗ್‌ನ (ನಾಸಾದ ಉಪಗ್ರಹ ಆಧಾರಿತ ಮಳೆ ಅಂದಾಜು) ದಿನದ ಫೈಲು ನೆಲದ ಮೇಲಿನ ಮಳೆ ಮಾಪಕಕ್ಕಿಂತ ಒಂದು ದಿನ ಮುಂಚೆಯೇ ಮಳೆ ತೋರಿಸುತ್ತದೆ. ಸರಿ, ಅರ್ಧ ಗಂಟೆಯ ಫೈಲುಗಳನ್ನು ಕೂಡಿಸೋಣ ಅಂದರೆ ಮೊತ್ತ ದಿನದ ಫೈಲಿನ ಎರಡರಷ್ಟು ಬರುತ್ತಿದೆ. ಉಪಗ್ರಹದ ಡೇಟಾನೇ ಕೆಟ್ಟಿದೆಯಾ?

ಮಳೆಲೆಕ್ಕ:
ಡೇಟಾ ಸರಿಯಾಗೇ ಇದೆ, ಗಡಿಯಾರ ಬೇರೆ ಅಷ್ಟೆ. ನಮ್ಮ ಮಾಪಕದ ದಿನ ಮುಗಿಯೋದು ಬೆಳಿಗ್ಗೆ 8:30ಕ್ಕೆ. ಹಿಂದಿನ 24 ಗಂಟೆಯ ಮಳೆಗೆಲ್ಲ ಆ ಬೆಳಗಿನ ತಾರೀಖೇ ಬೀಳುತ್ತದೆ. 2022ರ ಸೆಪ್ಟೆಂಬರ್ 5ರ ಹೆಸರಿನಲ್ಲಿರುವ 131.6 ಮಿ.ಮೀ. ನೋಡಿ. ಅದು ಹೆಚ್ಚಾಗಿ ಸುರಿದದ್ದು 4ರ ರಾತ್ರಿ. ಐಮರ್ಗ್ ದಿನ ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಲೆಕ್ಕದ್ದು, ಅಂದರೆ ನಮ್ಮ ಬೆಳಗಿನ 5:30ರಿಂದ ಮರುದಿನ 5:30ರವರೆಗೆ, ತಾರೀಖು ಶುರುವಾದ ದಿನದ್ದು. ಬೆಂಗಳೂರಿನ ಸಂಜೆ ಮಳೆಗಳೆಲ್ಲ ಹೀಗೇ ಒಂದು ದಿನ ಹಿಂದಕ್ಕೆ ಹೋಗಿ ಕೂರುತ್ತವೆ.

ದಿನದ ಫೈಲು ಬಿಟ್ಟುಬಿಡಿ. 4ರ ಯುಟಿಸಿ 03:00ರಿಂದ 5ರ 03:00ರವರೆಗೆ (ನಮ್ಮ ಬೆಳಗಿನ 8:30ರಿಂದ 8:30) 48 ಅರ್ಧ ಗಂಟೆಯ ಫೈಲು ತೆಗೆದುಕೊಳ್ಳಿ. ಅದರಲ್ಲಿರೋದು ಗಂಟೆಗೆ ಇಷ್ಟು ಮಿ.ಮೀ. ಅನ್ನುವ ದರ, ಬಿದ್ದ ಮಳೆಯಲ್ಲ. ಪ್ರತಿಯೊಂದನ್ನೂ 0.5ರಿಂದ ಗುಣಿಸಿ, ಆಮೇಲೆ ಕೂಡಿಸಿ.

ಕೆರೆಕೋಡಿ:
ತಾರೀಖು ಕೂತಿತು, ಮೊತ್ತವೂ ಇಳಿಯಿತು. ಥ್ಯಾಂಕ್ಸ್! ಆದರೆ ಮಾಪಕದಲ್ಲಿ ಕಾಣುವ ಜೋರು ಇದರಲ್ಲಿ ಕಾಣುತ್ತಿಲ್ಲ.

ರಾಜಕಾಲುವೆ_ಬದಿ:
ಕಾಣೋದೂ ಇಲ್ಲ. ಐಮರ್ಗ್‌ನ ಒಂದು ಚೌಕ 0.1 ಡಿಗ್ರಿ, ಇಲ್ಲಿ ಸುಮಾರು 120 ಚದರ ಕಿ.ಮೀ. ಕೋರಮಂಗಲ, ಇಂದಿರಾನಗರ, ಬೆಳ್ಳಂದೂರು ಮೂರೂ ಒಂದೇ ಚೌಕದಲ್ಲಿ! ನಮ್ಮೂರ ಮಳೆ ಗೊತ್ತಲ್ಲ, ಇಂದಿರಾನಗರದಲ್ಲಿ ಧೋ ಅಂತ ಸುರಿಯುವಾಗ ಕೋರಮಂಗಲದಲ್ಲಿ ರಸ್ತೆ ಒಣಗಿರುತ್ತದೆ. ಅರ್ಕಾವತಿಯಂಥ ದೊಡ್ಡ ಜಲಾನಯನಕ್ಕಾದರೆ ಉಪಗ್ರಹ ಪರವಾಗಿಲ್ಲ. ಇಲ್ಲಿಗೆ ಮಾಪಕಗಳನ್ನೇ ನಂಬಿ. ಕೆಎಸ್‌ಎನ್‌ಡಿಎಂಸಿ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಮಾಪಕಗಳಲ್ಲಿ 15 ನಿಮಿಷದ ಮಳೆ ದಾಖಲಾಗುತ್ತದೆ. ಕಾಲುವೆ ಉಕ್ಕೋದು ಆ ಒಂದು ಗಂಟೆಯ ಹೊಡೆತಕ್ಕೆ, 24 ಗಂಟೆಯ ಸರಾಸರಿಗಲ್ಲ. ದಿನದ ಮೊತ್ತ ಒಂದೇ ಹಿಡಿದು ನಕ್ಷೆ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ, ಬಿಡಿ.

ಸರಾಸರಿ ತೆಗೆಯಲು ಥೀಸನ್ ಪಾಲಿಗಾನ್ ಸಾಕು, ಅಂದರೆ ಪ್ರತಿ ಜಾಗವನ್ನೂ ಅದಕ್ಕೆ ಹತ್ತಿರದ ಮಾಪಕದ ಪಾಲಿಗೆ ಹಾಕಿ, ಆ ಪಾಲಿನ ವಿಸ್ತೀರ್ಣದಂತೆ ಮಳೆಗೆ ತೂಕ ಕೊಡೋದು. ಕ್ಯೂಜಿಐಎಸ್ ಅನ್ನುವ ನಕ್ಷೆ ತಂತ್ರಾಂಶದಲ್ಲಿ ಮೊದಲು ನಕ್ಷೆಯನ್ನು ಯುಟಿಎಂ 43 ಉತ್ತರಕ್ಕೆ (ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿ) ಬದಲಿಸಿಕೊಳ್ಳಿ. ಇಲ್ಲದಿದ್ದರೆ ವಿಸ್ತೀರ್ಣ ಚದರ ಡಿಗ್ರಿಯಲ್ಲಿ ಬರಬಹುದು.

ಕೆರೆಕೋಡಿ:
ಪಾಲಿಗಾನ್ ಆಯಿತು. ಒಂದು ಮಾಪಕ ಮಾತ್ರ ಆ ದಿನ ಸೊನ್ನೆ ತೋರಿಸುತ್ತಿದೆ. ಸುತ್ತಲಿನವೆಲ್ಲ 60 ಮಿ.ಮೀ. ದಾಟಿವೆ. ಹಾಗೇ ಇಟ್ಟುಕೊಳ್ಳಲಾ?

ಮಳೆಲೆಕ್ಕ:
ಬೇಡ. ಬಾಯಿಗೆ ಎಲೆ ಕಟ್ಟಿಕೊಂಡಿರಬೇಕು, ಇಲ್ಲಾ ಸಿಗ್ನಲ್ ಹೋಗಿರಬೇಕು. ಆ ದಿನಕ್ಕೆ ಅದನ್ನು ತೆಗೆದು ಪಾಲಿಗಾನ್ ಹೊಸದಾಗಿ ಹಾಕಿ. ಸುಮ್ನೆ ಸೊನ್ನೆ ಬಿಟ್ಟರೆ ಅದರ ಪಾಲಿನ ಅಷ್ಟೂ ಜಾಗದಲ್ಲಿ ಮಳೆಯೇ ಬಂದಿಲ್ಲ ಅಂತಾಗುತ್ತದೆ.