ಎರಡನೇ ಪಿಕ್‌ನಲ್ಲಿ ಬ್ರೌನ್ಸ್ ಕ್ವಾರ್ಟರ್‌ಬ್ಯಾಕ್ ತಗೋಬೇಕಾ?

ಹಾಸನ್_ಟು_ಎರೀ

ಈ ಗುರುವಾರ, ಏಪ್ರಿಲ್ 24ರ ರಾತ್ರಿ ಎಂಟಕ್ಕೆ, ಗ್ರೀನ್ ಬೇಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ 2025ರ ಡ್ರಾಫ್ಟ್ ಶುರು. ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುತ್ತವೆ, ಒಂದೊಂದು ಸರದಿ ಒಂದು ಪಿಕ್. ಮೊದಲ ಪಿಕ್ ಟೆನೆಸ್ಸಿ ಟೈಟನ್ಸ್‌ದು. ಅವರು ಮಯಾಮಿಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು) ಕ್ಯಾಮ್ ವಾರ್ಡ್‌ನನ್ನೇ ತಗೊಳ್ಳುತ್ತಾರೆ ಅಂತ ಎಲ್ಲರ ಲೆಕ್ಕ. ಎರಡನೆಯದು ನಮ್ಮ ಕ್ಲೀವ್‌ಲ್ಯಾಂಡ್ ಬ್ರೌನ್ಸ್‌ದು. ಹೋದ ಸೀಸನ್‌ನಲ್ಲಿ 3 ಗೆದ್ದು 14 ಸೋತು ಪಡೆದ ಪಿಕ್. ಅಷ್ಟೆಲ್ಲ ನೋವು ತಿಂದಮೇಲೆ ಇದನ್ನು ಕೈಯಾರೆ ಕಳ್ಕೊಳ್ಳಬಾರದು ಅಂತ ನನ್ನ ಸಂಕಟ.

ನಾನು ಕ್ಲೀವ್‌ಲ್ಯಾಂಡ್‌ನ ಒಂದು ಆಸ್ಪತ್ರೆಯ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ರಕ್ತದ ಟ್ಯೂಬ್‌ಗಳನ್ನು ಸೆಂಟ್ರಿಫ್ಯೂಜ್‌ಗೆ ಹಾಕಿ ಅದು ತಿರುಗಿ ನಿಲ್ಲುವ ತನಕ ಕಾಯಬೇಕಲ್ಲ, ಅಷ್ಟರಲ್ಲೇ ಇಬ್ಬರು ಜಗಳಕ್ಕೆ ನಿಂತಿರುತ್ತಾರೆ. ಕೊಲೊರಾಡೊದ ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್ ಬೇಕೇ ಬೇಕು ಅನ್ನುವವರು ಒಂದು ಕಡೆ. ಬೇರೆ ಜಾಗದಲ್ಲಿ ಆಡುವ ಟ್ರಾವಿಸ್ ಹಂಟರ್ ಅಥವಾ ಅಬ್ದುಲ್ ಕಾರ್ಟರ್ ಬೇಕು ಅನ್ನುವವರು ಇನ್ನೊಂದು ಕಡೆ.

ನಾನು ಎರಡನೇ ಕಡೆಯವಳು. ಯಾಕೆ ಅಂತ ಹೇಳುತ್ತೇನೆ.

1999ರಲ್ಲಿ ತಂಡ ಹೊಸದಾಗಿ ಮರಳಿ ಬಂದಾಗ ಮೊದಲ ಪಿಕ್ ಟಿಮ್ ಕೌಚ್. ಅವನನ್ನು ಕಾಯೋಕೆ ಮುಂದೆ ನಿಲ್ಲುವ ತಡೆಗಾರರ ಲೈನೇ ಇರಲಿಲ್ಲ. ಮೊದಲ ವರ್ಷವೇ ಅವನನ್ನು 56 ಸಲ ನೆಲಕ್ಕೆ ಕೆಡವಿದರು. 2007ರಲ್ಲಿ ಬ್ರೇಡಿ ಕ್ವಿನ್, 22ನೇ ಪಿಕ್. ಅದಕ್ಕೆ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ಕನ್ನೇ ಡಲ್ಲಾಸ್‌ಗೆ ಕೊಟ್ಟರು. 2012ರಲ್ಲಿ ಬ್ರ್ಯಾಂಡನ್ ವೀಡನ್, ಮತ್ತೆ 22. ಆಗಲೇ ಅವನಿಗೆ 28 ವರ್ಷ. 2014ರಲ್ಲಿ ಜಾನಿ ಮ್ಯಾನ್ಝೆಲ್, ಮತ್ತೆ ಅದೇ 22. ಎರಡು ವರ್ಷಕ್ಕೆ ಆಚೆ ಹೋದ. 2017ರಲ್ಲಿ ಎರಡನೇ ರೌಂಡ್‌ನ ಡಿಶೋನ್ ಕೈಜರ್ 15 ಪಂದ್ಯ ಶುರು ಮಾಡಿದ, 15ನ್ನೂ ಸೋತ. 1999ರಿಂದ ಇಲ್ಲಿ 40 ಜನ ಕ್ವಾರ್ಟರ್‌ಬ್ಯಾಕ್ ಆಗಿ ಪಂದ್ಯ ಶುರು ಮಾಡಿದ್ದಾರೆ. ಕೌಚ್‌ನ ಹಳೇ ಜೆರ್ಸಿಯ ಬೆನ್ನ ಮೇಲೆ ಅವನ ಹೆಸರು ಹೊಡೆದು, ಕೆಳಗೆ ಮುಂದಿನವನ ಹೆಸರು ಅಂಟಿಸಿ, ಅದನ್ನೂ ಹೊಡೆದು, ಹಾಗೇ ಕೆಳಗೆ ಕೆಳಗೆ ಹೋಗುವ ಆ ಪಟ್ಟಿಯ ಫೋಟೋ ನೀವೂ ನೋಡಿರುತ್ತೀರಿ.

ಇವರಲ್ಲಿ ಎಷ್ಟೋ ಜನರನ್ನು ತಂದಿದ್ದು ಹುಡುಗ ಅಷ್ಟು ಒಳ್ಳೆಯವನು ಅಂತಲ್ಲ, ನಮಗೆ ಅಷ್ಟು ಅವಸರ ಇತ್ತು ಅಂತ. ಈ ಸಲವೂ ಅವಸರವೇ ಕಾಣುತ್ತಿದೆ. ನಿಮಗೇನು ಅನ್ನಿಸುತ್ತೆ? ಹಂಟರ್‌ನ ತಗೊಂಡು, ನಮ್ಮ ಮುಂದಿನ ಪಿಕ್‌ಗಳಾದ 33, 67, 94 ಇವುಗಳಲ್ಲಿ ಯಾವುದಾದರೂ ಒಂದರಲ್ಲಿ ಕ್ವಾರ್ಟರ್‌ಬ್ಯಾಕ್ ಹುಡುಕಿದರೆ ಸಾಲದಾ?

ಕೊಲಂಬಸ್_ರಾಘು

ಮೇಡಂ, ನಿಮ್ಮ ಮಾತು ಸ್ವಲ್ಪವೂ ಒಪ್ಪೋದಿಲ್ಲ. ಹಳೇ ಪಟ್ಟಿ ಹಿಡಿದುಕೊಂಡು ಹೆದರಿದರೆ ಮುಂದೆ ಯಾರನ್ನೂ ತಗೊಳ್ಳೋಕೆ ಆಗಲ್ಲ.

ಹೋದ ವರ್ಷದ ವಾಷಿಂಗ್ಟನ್ ನೋಡಿ. 2023ರಲ್ಲಿ 4 ಗೆದ್ದು 13 ಸೋತಿದ್ದರು. ಇದೇ ಎರಡನೇ ಪಿಕ್‌ನಲ್ಲಿ ಜೇಡನ್ ಡ್ಯಾನಿಯಲ್ಸ್‌ನ ತಂದರು. ಮುಂದಿನ ಸೀಸನ್ 12 ಗೆಲುವು, ಎನ್‌ಎಫ್‌ಸಿ (ಲೀಗ್‌ನ ಅರ್ಧ ಭಾಗ) ಫೈನಲ್‌ವರೆಗೆ ಹೋದರು. ಹಂಟರ್‌ನಂಥ ಒಬ್ಬ ರಿಸೀವರ್ (ಪಾಸ್ ಹಿಡಿಯುವವನು) ಬಂದು ಹೀಗೆ ತಂಡ ತಿರುಗಿಸಿದ್ದು ಎಲ್ಲಾದರೂ ಇದೆಯಾ?

ಇನ್ನು ದುಡ್ಡು. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್‌ಗೋಸ್ಕರ ಮೂರು ಮೊದಲ ರೌಂಡ್ ಪಿಕ್ ಕೊಟ್ಟೆವು, ಮೇಲೆ 230 ಮಿಲಿಯನ್ ಡಾಲರ್ ಪೂರ್ತಿ ಗ್ಯಾರಂಟಿ. ಅವನ ಹಿಮ್ಮಡಿಯ ಅಕಿಲೀಸ್ ಹೋದ ಅಕ್ಟೋಬರ್‌ನಲ್ಲಿ ಹರಿಯಿತು, ಜನವರಿಯಲ್ಲಿ ಮತ್ತೆ ಹರಿಯಿತು. ಒಪ್ಪಂದ ಇನ್ನೂ ಎರಡು ವರ್ಷ ಬಾಕಿ. ಆ ಹೊರೆ ಹೊತ್ತುಕೊಂಡು ಇನ್ನೊಬ್ಬ ದುಬಾರಿ ಕ್ವಾರ್ಟರ್‌ಬ್ಯಾಕ್‌ನ ಹೊರಗಿಂದ ಕೊಳ್ಳೋಕೆ ಆಗಲ್ಲ. ಡ್ರಾಫ್ಟ್‌ನಲ್ಲಿ ಬಂದ ಹುಡುಗ ನಾಲ್ಕು ವರ್ಷ ಅಗ್ಗಕ್ಕೆ ಆಡುತ್ತಾನೆ. ನಮ್ಮ ಕೈಲಿರೋದು ಅದೊಂದೇ ದಾರಿ.

ಶೆಡೂರ್ ಹೋದ ವರ್ಷ ನೂರಕ್ಕೆ 74 ಪಾಸ್ ಸರಿಯಾಗಿ ಮುಟ್ಟಿಸಿದ. 37 ಟಚ್‌ಡೌನ್. ಇನ್ನೇನು ಬೇಕು?

ಜಯನಗರ_ಟಚ್‌ಡೌನ್

ನಮಸ್ಕಾರ, ಬೆಂಗಳೂರಿಂದ. ಶುಕ್ರವಾರ ಬೆಳಗ್ಗೆ ಐದೂವರೆಗೆ ಎದ್ದು ನೋಡುತ್ತೇನೆ. ಒಂದು ಸಂದೇಹ. ಐಪಿಎಲ್ ಹರಾಜಿನಲ್ಲಿ ದುಡ್ಡಿದ್ದವರು ಕೈ ಎತ್ತಿ ಬಿಡ್ ಮಾಡುತ್ತಾರೆ. ಇಲ್ಲಿ ಹಾಗಿಲ್ಲ ಅಲ್ವಾ? ಹಾಗಾದರೆ ಎರಡನೇ ಪಿಕ್ಕಿನವನಿಗೆ ಸಂಬಳ ಯಾರು ಗೊತ್ತು ಮಾಡೋದು?

ಇನ್ನೊಂದು ಮಾತು. ನಮ್ಮ ಆರ್‌ಸಿಬಿ ವರ್ಷಗಟ್ಟಲೆ ದೊಡ್ಡ ಬ್ಯಾಟ್ಸ್‌ಮನ್‌ಗಳ ಹಿಂದೆ ಬಿದ್ದು ಬೌಲಿಂಗ್ ಮರೆಯಿತು ಅಂತ ಇಲ್ಲಿ ಎಲ್ಲರೂ ಗೊಣಗುತ್ತಿದ್ದೆವು. ಹೋದ ನವೆಂಬರ್ ಹರಾಜಿನಲ್ಲಿ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ಕೊಟ್ಟರು. ಈ ಸಲ ತಂಡ ಬೇರೆ ಥರಾನೇ ಕಾಣುತ್ತಿದೆ. ಹಾಗಾಗಿ ಹಾಸನದ ಅಕ್ಕನ ಮಾತೇ ನನಗೆ ಸರಿ ಅನ್ನಿಸುತ್ತೆ.

ಕೊಲಂಬಸ್_ರಾಘು

@ಜಯನಗರ: ಹೌದು, ಬಿಡ್ ಇಲ್ಲ. ಕೊನೆಯಲ್ಲಿ ನಿಂತ ತಂಡಕ್ಕೆ ಮೊದಲ ಅವಕಾಶ. ಸಂಬಳ ಪಿಕ್‌ನ ನಂಬರ್‌ಗೆ ತಕ್ಕಂತೆ ಮೊದಲೇ ಗೊತ್ತಾಗಿರುತ್ತದೆ, 2011ರಿಂದ ಹಾಗೆ. ಅದಕ್ಕೆ ಮುಂಚೆ ಎಂಥ ವ್ಯತ್ಯಾಸ ಇತ್ತು ನೋಡಿ: 2010ರ ಮೊದಲ ಪಿಕ್ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 78 ಮಿಲಿಯನ್. 2011ರ ಮೊದಲ ಪಿಕ್ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ 22 ಮಿಲಿಯನ್. ಅದಕ್ಕೇ ಡ್ರಾಫ್ಟ್‌ನ ಕ್ವಾರ್ಟರ್‌ಬ್ಯಾಕ್ ಈಗ ಇಷ್ಟು ಬೆಲೆಬಾಳುತ್ತಾನೆ. ಉಳಿಸಿದ ದುಡ್ಡಲ್ಲೇ ನಿಮ್ಮ ಬೌಲರ್‌ಗಳನ್ನು ತರಬಹುದು!

ಮಲ್ನಾಡ್_ಸ್ಟೀಲ್

ನಾನು ಪಿಟ್ಸ್‌ಬರ್ಗ್‌ನವನು, ಸ್ಟೀಲರ್ಸ್ ಅಭಿಮಾನಿ. ಆದರೂ ಎರಡು ಮಾತು ಹೇಳಲೇಬೇಕು. ಎರಡೂ ಬೇರೆ ಬೇರೆ ಕಡೆಗೆ ಎಳೆಯುತ್ತವೆ.

ಒಂದು, ರಾಘು ಅವರ ಪರ. 2004ರಲ್ಲಿ ಬ್ರೌನ್ಸ್ ಆರನೇ ಪಿಕ್‌ನಲ್ಲಿ ಟೈಟ್ ಎಂಡ್ (ತಡೆಯುವುದು, ಪಾಸ್ ಹಿಡಿಯುವುದು ಎರಡೂ ಮಾಡುವವನು) ಕೆಲೆನ್ ವಿನ್ಸ್‌ಲೊನನ್ನು ತಗೊಂಡರು. ನಿಮ್ಮ ಓಹಾಯೋದಲ್ಲೇ ಹುಟ್ಟಿ ಬೆಳೆದು ಓಹಾಯೋದಲ್ಲೇ ಕಾಲೇಜು ಆಡಿದ ಕ್ವಾರ್ಟರ್‌ಬ್ಯಾಕ್ ಬೆನ್ ರೋಥ್ಲಿಸ್‌ಬರ್ಗರ್ 11ಕ್ಕೆ ನಮಗೆ ಸಿಕ್ಕ. ಮುಂದೆ 18 ಸೀಸನ್ ನಿಮ್ಮನ್ನು ಕಾಡಿದ. ಬಿಟ್ಟರೂ ಬೆಲೆ ತೆರಬೇಕಾಗುತ್ತದೆ.

ಎರಡು, ಅಕ್ಕನ ಪರ. ಅದೇ ಬೆನ್ ನಿವೃತ್ತನಾದ ವರ್ಷವೇ, 2022ರಲ್ಲಿ, ಜಾಗ ಖಾಲಿ ಇದೆ ಅನ್ನೋ ಒಂದೇ ಕಾರಣಕ್ಕೆ ನಾವು 20ನೇ ಪಿಕ್ ಕೆನಿ ಪಿಕೆಟ್‌ಗೆ ಹಾಕಿದೆವು ಅಂತ ನನ್ನ ಅಭಿಪ್ರಾಯ. ಎರಡೇ ಸೀಸನ್. ಈಗ ಅವನು ನಿಮ್ಮಲ್ಲೇ ಇದ್ದಾನೆ.

ಶೆಡೂರ್ ಬಗ್ಗೆ. ಮಗನ ಹೈಸ್ಕೂಲ್ ತಂಡದ ಲೈನ್ ಅಭ್ಯಾಸಕ್ಕೆ ಸಹಾಯ ಮಾಡುತ್ತೇನೆ, ಹಾಗಾಗಿ ನನ್ನ ಕಣ್ಣು ಕಾಲಿನ ಮೇಲೇ ಇರುತ್ತದೆ. ಅವನ ಪಂದ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಅವನು ಮೊದಲು ನೋಡುವ ರಿಸೀವರ್‌ನ ಹತ್ತಿರ ಎದುರಾಳಿ ಇಲ್ಲದಿದ್ದರೆ ಚೆಂಡು ತಕ್ಷಣ ಹೋಗುತ್ತದೆ, ಹೋದ ಜಾಗವೂ ಸರಿ. ಮುಂದಿದ್ದವನ ಎದೆಗಲ್ಲ, ಅವನು ತಿರುಗಿ ಓಡಬಹುದಾದ ಭುಜದ ಕಡೆಗೆ. ಇದು ಕಲಿಸಿದರೆ ಬರೋದಲ್ಲ. ತೊಂದರೆ ಇರೋದು ಆ ಮೊದಲನೆಯವನನ್ನು ಎದುರಾಳಿ ಮುಚ್ಚಿದಾಗ. ಅಂಚಿನಿಂದ ಒಬ್ಬ ನುಗ್ಗಿದರೆ ಒಂದು ಹೆಜ್ಜೆ ಮುಂದಿಟ್ಟು ಪಾಕೆಟ್ (ಲೈನ್ ಕಾಯುವ ಜಾಗ) ಒಳಗೆ ಸರಿಯಬೇಕು. ಇವನು ಹಿಂದಕ್ಕೆ ಸರಿಯುತ್ತಾನೆ, ಇನ್ನೂ ಹಿಂದಕ್ಕೆ. ಆಗ ಅವನ ಟ್ಯಾಕಲ್ (ಲೈನ್‌ನ ಅಂಚಿನ ತಡೆಗಾರ) ಎಷ್ಟು ಚೆನ್ನಾಗಿ ತಡೆದರೂ ಪ್ರಯೋಜನವಿಲ್ಲ, ಎದುರಾಳಿಗೆ ಸುತ್ತಿ ಬರೋಕೆ ದಾರಿ ತಾನೇ ಮಾಡಿಕೊಟ್ಟಂತೆ. ಏಳು ಗಜದ ನಷ್ಟ ಹದಿನೈದು ಗಜ ಆಗುತ್ತದೆ. 2023ರಲ್ಲಿ 52 ಸ್ಯಾಕ್ (ಪಾಸ್ ಹಾಕುವ ಮುಂಚೆಯೇ ಕೆಡವಿದ್ದು), 2024ರಲ್ಲಿ 42. ಲೈನ್ ಕೆಟ್ಟದಾಗಿತ್ತು, ನಿಜ. ಆದರೆ ಎಲ್ಲವೂ ಲೈನ್‌ನ ತಪ್ಪಲ್ಲ.

ಪೆಟ್ಟು ತಿಂದು ಎದ್ದು ಮತ್ತೆ ಅದೇ ಪಾಸ್ ಹಾಕುವ ಎದೆಗಾರಿಕೆ ಮಾತ್ರ ಅವನಲ್ಲಿ ಇದೆ. ನಮ್ಮ 21ಕ್ಕೆ ಬಂದರೆ ನಾನು ಬೇಡ ಅನ್ನಲ್ಲ. ಎರಡನೇ ಪಿಕ್‌ಗೆ ಜಾಸ್ತಿಯಾಯಿತು.

ಹಾಸನ್_ಟು_ಎರೀ

ಮಲ್ನಾಡ್ ಅವರೇ, ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಆ ಹಿಂದಕ್ಕೆ ಸರಿಯೋದು ನನಗೂ ಕಂಡಿತ್ತು. ಟ್ಯಾಕಲ್‌ನ ಕೆಲಸ ಅದರಿಂದ ಹೇಗೆ ಕೆಡುತ್ತದೆ ಅನ್ನೋದು ಈಗ ಹೊಳೆಯಿತು. ರೋಥ್ಲಿಸ್‌ಬರ್ಗರ್ ವಿಷಯ ಮಾತ್ರ ಇಲ್ಲಿ ಊಟದ ಮೇಜಿನ ಮೇಲೆ ಎತ್ತಬೇಡಿ, ಹಳಬರು ಇವತ್ತಿಗೂ ತಟ್ಟೆ ತಳ್ಳಿ ಎದ್ದು ಹೋಗುತ್ತಾರೆ.

ರಾಘು ಅವರೇ, ಡ್ಯಾನಿಯಲ್ಸ್ ಉದಾಹರಣೆ ಸರಿ. ಅವನ ಜೊತೆಗೆ ಹೋದ ವರ್ಷ ಮೊದಲನೇ ಪಿಕ್ ಆದ ಕೇಲೆಬ್ ವಿಲಿಯಮ್ಸ್‌ನನ್ನೂ ನೋಡಿ. ಅವನೂ ಪ್ರತಿಭಾವಂತನೇ. ಶಿಕಾಗೋದಲ್ಲಿ 68 ಸ್ಯಾಕ್ ತಿಂದ. ಕೋಚ್‌ನ ಸೀಸನ್ ಮಧ್ಯೆಯೇ ತೆಗೆದರು. ಹುಡುಗ ಯಾರು ಅನ್ನೋದರಷ್ಟೇ ಮುಖ್ಯ ಅವನು ಯಾವ ಮನೆಗೆ ಬರುತ್ತಾನೆ ಅನ್ನೋದು.

ನಮ್ಮ ಮನೆ ಹೇಗಿದೆ ಅಂತ ಬೇಕರ್ ಮೇಫೀಲ್ಡ್‌ನಿಂದ ಕಲಿಯಬೇಕು. 2018ರ ಮೊದಲ ಪಿಕ್. ಅದೇ ಸೆಪ್ಟೆಂಬರ್, ಗುರುವಾರ ರಾತ್ರಿ ಜೆಟ್ಸ್ ವಿರುದ್ಧ. 14-0 ಹಿಂದೆ ಇದ್ದೆವು. ಟೈರಾಡ್ ಟೇಲರ್‌ಗೆ ಪೆಟ್ಟಾಗಿ ಬೇಕರ್ ಒಳಗೆ ಬಂದ. 21-17ಕ್ಕೆ ಗೆದ್ದೆವು. 635 ದಿನಗಳ ನಂತರದ ಮೊದಲ ಗೆಲುವು. ತಂಡ ಗೆದ್ದಾಗ ಮಾತ್ರ ತೆರೆಯುವ ಹಾಗೆ ಬೀಗ ಹಾಕಿಟ್ಟಿದ್ದ ಬಿಯರ್ ಫ್ರಿಜ್‌ಗಳು ಊರಿನ ಬಾರ್‌ಗಳಲ್ಲಿ ಒಟ್ಟಿಗೇ ತೆರೆದುಕೊಂಡವು. ಇಡೀ ಊರು ಬೀದಿಗೆ ಬಂತು. ಅಂಥ ಹುಡುಗನಿಗೆ ನಾವು ಏನು ಮಾಡಿದೆವು? ಮೂರು ಸೀಸನ್‌ನಲ್ಲಿ ನಾಲ್ಕು ಹೆಡ್ ಕೋಚ್: ಹ್ಯೂ ಜಾಕ್ಸನ್, ಗ್ರೆಗ್ ವಿಲಿಯಮ್ಸ್, ಫ್ರೆಡಿ ಕಿಚನ್ಸ್, ಸ್ಟೆಫಾನ್ಸ್ಕಿ. ಹೊಸ ಕೋಚ್ ಅಂದರೆ ಹೊಸ ಪ್ಲೇಬುಕ್. ಆಟದ ಹೆಸರುಗಳನ್ನೇ ಮೊದಲಿಂದ ಕಲಿಯಬೇಕು. ಆದರೂ 2020ರ ಸೀಸನ್‌ನಲ್ಲಿ ಪಿಟ್ಸ್‌ಬರ್ಗ್‌ಗೇ ಹೋಗಿ 48-37ಕ್ಕೆ ಪ್ಲೇಆಫ್ ಗೆದ್ದುಕೊಟ್ಟ. ಮುಂದಿನ ವರ್ಷ ಎಡ ಭುಜ ಹರಿದುಕೊಂಡೇ ಆಡಿದ. ಅದಾದ ಮೇಲೆ ಅವನನ್ನು ಬಿಟ್ಟು ವಾಟ್ಸನ್ ಹಿಂದೆ ಹೋದರು. ಹೋದ ಸೀಸನ್‌ನಲ್ಲಿ ಬೇಕರ್ ಟ್ಯಾಂಪಾಗೆ 41 ಟಚ್‌ಡೌನ್ ಪಾಸ್ ಹಾಕಿದ. ನನಗೆ ಇದು ಇವತ್ತಿಗೂ ಆರದ ಗಾಯ.

ಹಾಗಾಗಿ ಕ್ವಾರ್ಟರ್‌ಬ್ಯಾಕ್ ಬೇಡ ಅಂತ ನಾನು ಹೇಳುತ್ತಿಲ್ಲ. ಅವನು ಬರುವ ಮೊದಲು ಅವನಿಗೆ ಬೇಕಾದ್ದನ್ನು ಜೋಡಿಸಿ ಅಂತ ಹೇಳುತ್ತಿದ್ದೇನೆ. ಲೈನ್‌ನ ಬಿಟೋನಿಯೊ, ಕಾಂಕ್ಲಿನ್ ಇಬ್ಬರಿಗೂ ವಯಸ್ಸಾಯಿತು. ಜೆಡ್ರಿಕ್ ವಿಲ್ಸ್ ಹೋಗಿಯಾಯಿತು. ರಿಸೀವರ್ ಅಮಾರಿ ಕೂಪರ್‌ನನ್ನು ಅಕ್ಟೋಬರ್‌ನಲ್ಲಿ ಬಫಲೋಗೆ ಕೊಟ್ಟೆವು. ಚೆಂಡು ಹಿಡಿಯೋಕೆ ಯಾರಿದ್ದಾರೆ, ಕಾಯೋಕೆ ಯಾರಿದ್ದಾರೆ? ಹಂಟರ್ ರಿಸೀವರ್ ಕೂಡ, ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ನ ತಡೆಯುವವನು) ಕೂಡ. ಅವನನ್ನು ಯಾವ ಕೋಚ್ ಬಂದರೂ ಉಪಯೋಗಿಸಬಹುದು. ಯಾರಾದರೂ ಕೆಳಗಿನ ತಂಡ ಮುಂದಿನ ವರ್ಷದ ಮೊದಲ ರೌಂಡ್ ಪಿಕ್ ಸೇರಿಸಿ ಕೊಡುತ್ತೇನೆ ಅಂದರೆ ಎರಡನೇ ಪಿಕ್ ಮಾರಿಕೊಂಡು ಕೆಳಗೆ ಇಳಿದರೂ ನನಗೆ ಸಂತೋಷವೇ. ಆಗ 2026ರಲ್ಲಿ ಎರಡು ಮೊದಲ ರೌಂಡ್ ಪಿಕ್ ಕೈಲಿರುತ್ತವೆ. ಆಗ ಕ್ವಾರ್ಟರ್‌ಬ್ಯಾಕ್‌ನ ಅವಸರವಿಲ್ಲದೆ ಆರಿಸಬಹುದು.

ಈ ವರ್ಷದ ಆಟಕ್ಕೆ ಹಳೇ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ ಮರಳಿ ಬಂದಿದ್ದಾರೆ. 2023ರಲ್ಲಿ ಸೀಸನ್ ನಡುವೆ ಬಂದು ಪ್ಲೇಆಫ್‌ಗೆ ಕರೆದುಕೊಂಡು ಹೋದವರು. ಅವರ ಹಿಂದೆ ಒಬ್ಬ ಹೊಸ ಹುಡುಗ ಕೂತು ಕಲಿಯಲಿ. ಪ್ಯಾಟ್ರಿಕ್ ಮಹೋಮ್ಸ್ ಮೊದಲ ವರ್ಷ ಅಲೆಕ್ಸ್ ಸ್ಮಿತ್ ಹಿಂದೆ ಕೂತೇ ಕಲಿತದ್ದು.

ಕೊಲಂಬಸ್_ರಾಘು

ಬೇಕರ್ ವಿಷಯದಲ್ಲಿ ನಿಮ್ಮ ಜೊತೆ ನಾನೂ ಇದ್ದೇನೆ. ಆದರೆ 33ಕ್ಕೆ ಯಾವ ಕ್ವಾರ್ಟರ್‌ಬ್ಯಾಕ್ ಉಳಿಯುತ್ತಾನೆ ಹೇಳಿ? ಜ್ಯಾಕ್ಸನ್ ಡಾರ್ಟ್ ಅಷ್ಟರಲ್ಲಿ ಹೋಗಿರುತ್ತಾನೆ. ಟೈಲರ್ ಶಕ್‌ಗೆ ಈಗಲೇ 25 ವರ್ಷ, ನೀವೇ ವೀಡನ್‌ನ ವಯಸ್ಸು ಎತ್ತಿದ್ದಿರಿ.

ಹಾಸನ್_ಟು_ಎರೀ

ಶಕ್ ಬೇಡ, ಅದೇ ಕಾರಣಕ್ಕೆ. 33ರಲ್ಲಿ ಡಾರ್ಟ್ ಇದ್ದರೆ ಡಾರ್ಟ್. ಇಲ್ಲದಿದ್ದರೆ 33ರಲ್ಲಿ ಲೈನ್‌ಮನ್ ತಗೊಂಡು 94ರ ಆಸುಪಾಸಿನಲ್ಲಿ ನಿಮ್ಮ ಊರಿನ ವಿಲ್ ಹೊವರ್ಡ್, ಅಥವಾ ಆರೆಗನ್‌ನ ಡಿಲನ್ ಗೇಬ್ರಿಯಲ್. ಗೇಬ್ರಿಯಲ್ ಎತ್ತರ ಕಮ್ಮಿ, ಒಪ್ಪುತ್ತೇನೆ. ಆದರೆ ಕಾಲೇಜಿನಲ್ಲಿ 63 ಪಂದ್ಯ ಶುರು ಮಾಡಿದವನು, ಗಾಬರಿ ಬೀಳಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ 262ನೇ ಪಿಕ್, ಡ್ರಾಫ್ಟ್‌ನ ಕೊನೆಯವನು. ಅದಕ್ಕೂ ಹಿಂದಿನ ವರ್ಷ ಅದೇ ಸ್ಯಾನ್ ಫ್ರಾನ್ಸಿಸ್ಕೊ ಮೂರು ಮೊದಲ ರೌಂಡ್ ಪಿಕ್ ಕೊಟ್ಟು ಟ್ರೇ ಲ್ಯಾನ್ಸ್‌ನ ತಂದಿತ್ತು. ಸೂಪರ್ ಬೌಲ್‌ಗೆ (ಲೀಗ್‌ನ ಫೈನಲ್) ಕರೆದೊಯ್ದಿದ್ದು ಪರ್ಡಿ.

ಶೆಡೂರ್ ಎಲ್ಲರ ಲೆಕ್ಕ ತಪ್ಪಿಸಿ ಕೆಳಗೆ ಜಾರಿ ನಮ್ಮ ಇನ್ನೊಂದು ಪಿಕ್‌ಗೇ ಬಂದರೆ ಕಣ್ಣುಮುಚ್ಚಿ ತಗೊಳ್ಳಲಿ, ಆಗ ನಾನೇ ಚಪ್ಪಾಳೆ ಹೊಡೆಯುತ್ತೇನೆ. ಎರಡನೇ ಪಿಕ್‌ಗೆ ಮಾತ್ರ ಬೇಡ.