ಗೇಟಿನಾಚೆ ಕುರಿ ಹಿಂಡು ಕಂಡರೆ ನಮ್ಮ ಮುಧೋಳ ನಾಯಿ ಸಂಕಟಪಡುತ್ತಾಳೆ, ಏನು ಮಾಡಲಿ?

ಕೆಲಗೇರಿ ಗೃಹಿಣಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಒಂದು ವರ್ಷದ ಮುಧೋಳ ಹೆಣ್ಣು ನಾಯಿ ಇದೆ, ಹೆಸರು ಚುಕ್ಕಿ. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಿಂದ ಮರಿಯಿದ್ದಾಗ ತಂದದ್ದು. ಮನೆಯೊಳಗೆ ಇವಳಷ್ಟು ಸೌಮ್ಯ ಜೀವ ಇನ್ನೊಂದಿಲ್ಲ. ಆದರೆ ಸಂಜೆ ಕುರಿ ಹಿಂಡು ಗೇಟಿನ ಮುಂದೆ ಹಾಯ್ದು ಹೋಗುವಾಗ, ಇಲ್ಲವೇ ಎದುರುಮನೆಯ ನಾಯಿ ಹೊರಗೆ ಬಂದಾಗ ಅವಳನ್ನು ಹಿಡಿಯುವವರಿಲ್ಲ. ಕೀರಲು ದನಿಯಲ್ಲಿ ಬೊಗಳುತ್ತಾಳೆ, ಗೇಟಿನ ಸರಳನ್ನು ಕಚ್ಚಿ ಜಗ್ಗುತ್ತಾಳೆ, ಒಸಡಿನಲ್ಲಿ ರಕ್ತ ಬಂದರೂ ಬಿಡುವುದಿಲ್ಲ. ಇಂದು ಮಗ ಕೊರಳಪಟ್ಟಿ ಹಿಡಿದು ಎಳೆದಾಗ ತಿರುಗಿ ಅವನ ಮುಂಗೈಗೆ ಬಾಯಿ ಹಾಕಿದಳು. ಚರ್ಮ ತರಚಿದೆ.

ಅಡುಗೆಮನೆಯಲ್ಲೂ ಇದೇ ಕಥೆ. ಅತ್ತೆಯವರು ರೊಟ್ಟಿ ಬಡಿಯುವ ಸಪ್ಪಳ ಕೇಳಿದ ಕೂಡಲೇ ಬೊಗಳಲು ಶುರು ಮಾಡಿದರೆ ಒಂದು ತುಂಡು ಬೀಳುವ ತನಕ ನಿಲ್ಲಿಸುವುದಿಲ್ಲ. ಓಣಿಯವರು ಕಟ್ಟಿಹಾಕಿ ಎನ್ನುತ್ತಾರೆ. ನನಗೆ ಅವಳ ಸಂಕಟ ಕಡಿಮೆಯಾಗಬೇಕು. ದಾರಿ ಇದ್ದರೆ ತಿಳಿಸಿ.

ಗದಗ ಓದುಗ

ಮೊದಲು ಮಗನ ಕೈ ನೋಡಿ. ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಇಂದೇ ವೈದ್ಯರಿಗೆ ತೋರಿಸಿ. ಸಾಕಿದ ನಾಯಿ, ಚುಚ್ಚುಮದ್ದು ಆಗಿದೆ ಎಂದು ಬಿಡಬೇಡಿ, ರೇಬೀಸ್ ವಿಷಯದಲ್ಲಿ ತೀರ್ಮಾನ ವೈದ್ಯರದ್ದೇ ಆಗಿರಲಿ. ಚುಕ್ಕಿಯ ಒಸಡು, ಹಲ್ಲು, ಕಿವಿಯನ್ನೂ ಪಶುವೈದ್ಯರು ಒಮ್ಮೆ ನೋಡಲಿ. ನೋವಿರುವ ನಾಯಿಗೆ ತಾಳ್ಮೆ ಇನ್ನೂ ಕಡಿಮೆ.

ನವನಗರದ ಅಕ್ಕ, ಹುಬ್ಬಳ್ಳಿ

ತಂಗಿ, ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದಲೂ ಮುಧೋಳ ನಾಯಿಗಳಿವೆ. ನಿಮ್ಮ ಚುಕ್ಕಿಯನ್ನು ಕಂಡ ಹಾಗೆಯೇ ಆಯಿತು.

ಇದು ಕಣ್ಣಿನಿಂದ ಬೇಟೆಯಾಡುವ ತಳಿ. ದೂರದಲ್ಲಿ ಏನಾದರೂ ಓಡಿದರೆ ಬೆನ್ನಟ್ಟಲೆಂದೇ ಬೆಳೆಸಿದ ಮೈ ಅದು. ಕಣ್ಣು ಕಂಡದ್ದನ್ನು ಕಾಲು ಮುಟ್ಟಲಾಗದಂತೆ ನಡುವೆ ಗೇಟು ನಿಂತಿದೆ. ಜೊತೆಗೆ ಒಂದು ವರ್ಷ ಎಂದರೆ ಹರೆಯ, ತಡೆದುಕೊಳ್ಳುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಎದುರುಮನೆಯ ನಾಯಿ ಗೇಟಿಲ್ಲದೆ ಸಿಕ್ಕಾಗ ಇವಳು ಮೂಸಿ ಆಟಕ್ಕೆ ಕರೆಯುತ್ತಾಳೆಯೇ? ಹಾಗಿದ್ದರೆ ಇದು ದ್ವೇಷವಲ್ಲ, ಹತಾಶೆ. ಮಗನ ಕೈಗೆ ಬಾಯಿ ಹಾಕಿದ್ದೂ ಅದರಿಂದಲೇ ಇರಬೇಕು. ಆ ಹೊತ್ತಿನಲ್ಲಿ ಕೈ ಯಾರದು ಎಂದು ಅವಳು ನೋಡುವುದಿಲ್ಲ. ದಯವಿಟ್ಟು ಇನ್ನು ಯಾರೂ ಕೊರಳಿಗೆ ಕೈ ಹಾಕಬೇಡಿ.

ನಾಳೆಯೇ ಗೇಟಿಗೆ ತಾಡಪತ್ರಿ ಕಟ್ಟಿಸಿ. ಮುಂಗಾಲೆತ್ತಿ ನಿಂತರೂ ಆಚೆ ಕಾಣದಷ್ಟು ಎತ್ತರ ಬೇಕು. ಕುರಿ ಬರುವ ಹೊತ್ತಿಗೆ ಅವಳು ಹಿತ್ತಲಲ್ಲಿರಲಿ. ರೊಟ್ಟಿಯ ಚೂರುಗಳನ್ನು ಹುಲ್ಲಿನಲ್ಲಿ ಚೆಲ್ಲಿಬಿಡಿ. ನೆಲ ಮೂಸುತ್ತಾ ಹುಡುಕುವ ನಾಯಿಯ ಉಸಿರು ತಾನಾಗಿ ನಿಧಾನವಾಗುವುದನ್ನು ನೀವೇ ನೋಡುತ್ತೀರಿ.

ಇನ್ನು ಕಾಯುವುದನ್ನು ಕಲಿಸಬೇಕು. ಊಟದ ಬಟ್ಟಲು ಹಿಡಿದು ನಿಲ್ಲಿ. ಮೆಲ್ಲನೆ ಕೆಳಗಿಳಿಸಿ. ಅವಳು ನುಗ್ಗಿದರೆ ಮಾತಾಡದೆ ಬಟ್ಟಲು ಮೇಲೆತ್ತಿ, ಹಿಂದೆ ಸರಿದರೆ ಮತ್ತೆ ಇಳಿಸಿ. ನಾಲ್ಕೂ ಕಾಲು ನೆಲದ ಮೇಲಿಟ್ಟು ನಿಮ್ಮ ಮುಖ ನೋಡಿದ ಆ ಕ್ಷಣವೇ ಬಟ್ಟಲು ಕೆಳಗಿಟ್ಟು 'ತಿನ್ನು' ಎನ್ನಿ. ಮೊದಲು ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಬಹಳ ಜನ ಇಲ್ಲೇ ಆತುರಪಟ್ಟು ಮೊದಲ ದಿನವೇ ಅರ್ಧ ನಿಮಿಷ ಕಾಯಿಸುತ್ತಾರೆ. ಅದು ತಾಳ್ಮೆಯ ಪಾಠವಲ್ಲ, ಹಿಂಸೆ. ಕಾದರೆ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಅವಳಲ್ಲಿ ಮೊದಲು ಕೂಡಬೇಕು.

ಅದು ಕೂಡಿದ ಮೇಲೆ ಬಯಲಿಗೆ ಹೋಗಿ, ಹಿಂಡಿನಿಂದ ಬಹಳ ದೂರ ನಿಂತು ಅಭ್ಯಾಸ ಮಾಡಿಸಿ. ಕೊರಳಿಗಲ್ಲ, ಎದೆಗೆ ಪಟ್ಟಿ ಹಾಕಿ. ಈ ತಳಿಯ ತಲೆ ಸಪೂರ, ಕೊರಳಪಟ್ಟಿ ಸುಲಭವಾಗಿ ಕಳಚುತ್ತದೆ. ಕೈಯಲ್ಲಿನ ತಿನಿಸನ್ನು ತಿನ್ನುತ್ತಿಲ್ಲ ಎಂದರೆ ಹತ್ತಿರವಾಯಿತೆಂದು ಅರ್ಥ, ಹಿಂದೆ ಸರಿಯಿರಿ.

ಹಾವೇರಿ ರೈತ

ನಮ್ಮ ಹೊಲದ ನಾಯಿಗಳನ್ನು ಹಗಲು ಕಟ್ಟಿಯೇ ಹಾಕುತ್ತೇವೆ. ಏನೂ ಆಗಿಲ್ಲ. ಇಷ್ಟೆಲ್ಲ ಬೇಕೇ?

ನವನಗರದ ಅಕ್ಕ, ಹುಬ್ಬಳ್ಳಿ

ಅಣ್ಣಾ, ನಿಮ್ಮ ನಾಯಿಗಳಿಗೆ ರಾತ್ರಿಯಿಡೀ ಹೊಲ ಸುತ್ತುವ ಕೆಲಸವಿದೆ. ಚುಕ್ಕಿಗೆ ಇರುವುದು ಒಂದು ಅಂಗಳ. ಅವಳನ್ನು ರಸ್ತೆ ಕಾಣುವಲ್ಲಿ ಕಟ್ಟಿದರೆ ಗೇಟಿನ ಬದಲು ಹಗ್ಗ ಬಂತು, ಅಷ್ಟೇ. ಅವಳಿಗೆ ಓಡಲು ಬೇಕು. ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೆಯ ಬಟ್ಟೆ ಕಟ್ಟಿ ಹಿತ್ತಲಲ್ಲಿ ಬೆನ್ನಟ್ಟಿಸಿ. ನಡುನಡುವೆ ಹಿಡಿಯಲು ಬಿಡಲೇಬೇಕು. ಗೋಡೆಯ ಮೇಲೆ ಲೇಸರ್ ಬೆಳಕು ಆಡಿಸುವುದು ಮಾತ್ರ ಬೇಡ. ಎಷ್ಟು ಓಡಿದರೂ ಬಾಯಿಗೆ ಏನೂ ಸಿಗದ ಆಟ ಹತಾಶೆಯನ್ನೇ ಬೆಳೆಸುತ್ತದೆ.

ಕೆಲಗೇರಿ ಗೃಹಿಣಿ, ಧಾರವಾಡ

ಮಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆವು, ಚುಚ್ಚುಮದ್ದು ಶುರುವಾಗಿದೆ. ಅಕ್ಕ, ಎದುರುಮನೆಯ ನಾಯಿ ಬಯಲಲ್ಲಿ ಸಿಕ್ಕರೆ ಇವಳು ಮುಂಗಾಲು ಚಾಚಿ ಆಟಕ್ಕೇ ಕರೆಯುತ್ತಾಳೆ. ರೊಟ್ಟಿಯ ವಿಷಯ ಹೇಳಲಿಲ್ಲ. ಅತ್ತೆಯವರಿಗೆ ಕರುಳು ಚುರ್ ಎನ್ನುತ್ತದೆ, ಕೊಡಬೇಡಿ ಎನ್ನಲು ನನಗೆ ಬಾಯಿ ಬಾರದು.

ನವನಗರದ ಅಕ್ಕ, ಹುಬ್ಬಳ್ಳಿ

ಕೊಡಬೇಡಿ ಎನ್ನುವುದೇ ಬೇಡ. ಮೊದಲೇ ಕೊಡಲಿ. ಹಂಚು ಒಲೆಗೇರುವ ಮುನ್ನ ಅಡುಗೆಮನೆಯ ಬಾಗಿಲ ಹೊರಗೆ ಗೋಣಿಚೀಲ ಹಾಸಿ, ತಂಗಳು ರೊಟ್ಟಿಯನ್ನು ಉಪ್ಪಿಲ್ಲದ ಮಜ್ಜಿಗೆಯಲ್ಲಿ ನೆನೆಸಿ ಅಲ್ಲಿಡಿ. ಬಡಿಯುವ ಸಪ್ಪಳ ಬಂದಾಗ ಅವಳು ನೆಕ್ಕುತ್ತಿರಲಿ. ಆಮೇಲೆ ಸುಮ್ಮನೆ ಮಲಗಿದ್ದಾಗಲೇ ಅತ್ತೆಯವರೇ ಹೋಗಿ ಇನ್ನೊಂದು ತುಂಡು ಹಾಕಲಿ. ಬೊಗಳಿದಾಗ ಮಾತ್ರ ಯಾರೂ ಕೊಡಬಾರದು. ಆರಂಭದಲ್ಲಿ ಬೊಗಳುವುದು ಹೆಚ್ಚಾಗಬಹುದು. ಇಷ್ಟು ದಿನ ಫಲಿಸಿದ್ದು ಈಗ ಫಲಿಸಲಿಲ್ಲವಲ್ಲ, ಇನ್ನೂ ಜೋರಾಗಿ ಕೇಳುತ್ತಾಳೆ. ಆ ಜೋರಿಗೆ ಒಮ್ಮೆ ಕೊಟ್ಟರೆ ಮರುದಿನದಿಂದ ಅಷ್ಟೇ ಜೋರು ಬೊಗಳುತ್ತಾಳೆ. ಪಲ್ಯದ ರೊಟ್ಟಿ ಬೇಡ, ಈರುಳ್ಳಿ ಬೆಳ್ಳುಳ್ಳಿ ನಾಯಿಗೆ ವಿಷ. ತಾಡಪತ್ರಿ ಕಟ್ಟಿದ ಮೇಲೆ ಸಂಜೆ ಹೇಗಿದ್ದಳು ಎಂದು ಬರೆಯಿರಿ.