ತುರ್ತು: ಬೋರ್ಡಿಗೆ ‘ಬೆಳೆ ತ್ಯಾಜ್ಯ’ ಅಂತ ಬರೆಯಬಹುದಾ?

ಎಲ್ಲರಿಗೂ ಶರಣು. ನಾಳೆ ಬೆಳಿಗ್ಗೆ ಪೇಂಟರ್ ಬರ್ತಾನೆ, ಪದ ಇವತ್ತೇ ಬೇಕು. ಆಳಂದ ಕಡೆಯ ನಮ್ಮೂರಲ್ಲಿ ರೈತರೇ ಸೇರಿ ತೊಗರಿ, ಹತ್ತಿ ಕಟ್ಟಿಗೆ ಪುಡಿ ಮಾಡಿ, ಒತ್ತಿ ಪೆಲೆಟ್ (ಸುಡೋಕೆ ಬಳಸುವ ಗುಳಿಗೆ) ಮಾಡುವ ಸಣ್ಣ ಮಷಿನ್ ಹಾಕಿದ್ದಾರೆ. ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಶೇ. 5ರಷ್ಟು ಇಂಥ ಪೆಲೆಟ್ ಬೆರೆಸಿ ಸುಡಬೇಕು ಅಂತ ಕೇಂದ್ರ 2021ರಲ್ಲಿ ಹೇಳಿತಲ್ಲ, ಆ ಆಸೆಯಿಂದ. ಕಾಗದಪತ್ರದಲ್ಲಿ ‘ಕ್ರಾಪ್ ರೆಸಿಡ್ಯೂ ಕಲೆಕ್ಷನ್ ಸೆಂಟರ್’ ಅಂತಿದೆ. ನಾನು ‘ಬೆಳೆ ತ್ಯಾಜ್ಯ ಸಂಗ್ರಹ ಕೇಂದ್ರ’ ಅಂತ ಮಾಡಿ ಒಂದು ಹಾಳೆ ಗೋಡೆಗೆ ಅಂಟಿಸಿದ್ದೆ. ಒಬ್ಬ ಮುತ್ಯಾ ಓದಿಸಿಕೊಂಡು ಕೇಳಿದರು: “ವರ್ಷಪೂರ್ತಿ ನಮ್ಮನಿ ಒಲಿ ಇದರ ಮ್ಯಾಲೇ ಉರಿತದ. ಇದು ತ್ಯಾಜ್ಯ ಹ್ಯಾಂಗ ಆಯ್ತೋ ತಮ್ಮಾ?” ಉತ್ತರ ಹೊಳೆಯಲಿಲ್ಲ.

ಬೀದರ್‌ನಿಂದ:
ಮುತ್ಯಾ ಹೇಳಿದ್ದೇ ಸರಿ. ತ್ಯಜ್ ಧಾತು, ಬಿಸಾಡತಕ್ಕದ್ದು ಅಂತ ಅರ್ಥ. ರೆಸಿಡ್ಯೂ ಅಂದ್ರೆ ಉಳಿದದ್ದು. ‘ಬೆಳೆ ಶೇಷ’ ಅನ್ನಿ. ಪೆಲೆಟ್‌ಗೆ ‘ಜೈವಿಕ ಇಂಧನ ಗುಳಿಗೆ’. ಮುಗೀತು.

ಯಾದಗಿರಿಯಿಂದ:
ಮುಗಿಯಲಿಲ್ಲ ಸರ್. ಉರಿಯಿಂದ ಉರುವಲು ಅಂತ ನಮ್ಮದೇ ಪದ ಇರುವಾಗ ಇಂಧನ ಯಾಕೆ? ‘ಶೇಷ’ವೂ ಬೇಡ, ‘ಉಳಿಕೆ’ ಇದೆ. ‘ನವೀಕರಿಸಬಹುದಾದ ಇಂಧನ’ ಅಂತ ಸರ್ಕಾರದವರು ಬರೆಯುತ್ತಾರೆ, ನವೀಕರಣ ಅಂದ್ರೆ ನಮ್ಮ ಜನಕ್ಕೆ ಲೈಸೆನ್ಸಿನ ನೆನಪು ಬರುತ್ತೆ. ‘ಮರುಹುಟ್ಟು ಉರುವಲು’ ಅನ್ನಬಹುದು.

ಬೀದರ್‌ನಿಂದ:
ಮರುಹುಟ್ಟು ಅಂದ್ರೆ ಪುನರ್ಜನ್ಮ. ಸುಮ್ನೆ ಪದ ಹೊಸೆಯಬೇಡಿ. ಇಂಧ್ ಅಂದ್ರೆ ಹೊತ್ತಿಸು, ಹೋಮದ ಸಮಿಧೆಯೂ ಅದೇ ಧಾತು. ಸಾವಿರಾರು ವರ್ಷದ ಪದವನ್ನ ಹೊರಗಿನದು ಅಂದ್ರೆ ಹೇಗೆ?

ಕಲಬುರಗಿಯಿಂದ:
ಇಬ್ಬರೂ ಸ್ವಲ್ಪ ನಿಲ್ಲಿಸ್ರಿ. ‘ಜೈವಿಕ ಅನಿಲ’ ಅಂತ ಎಷ್ಟು ಬರೆದರೂ ಹಳ್ಳಿಯಲ್ಲಿ ಉಳಿದದ್ದು ಗೋಬರ್ ಗ್ಯಾಸ್. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಗುರಿಯನ್ನ 2030ರಿಂದ 2025-26ಕ್ಕೆ ಹಿಂದೆ ತಂದರು, ಕಬ್ಬು ಬೆಳೆಯುವವರೆಲ್ಲ ಎಥನಾಲ್ ಅಂತಲೇ ಮಾತಾಡುತ್ತಾರೆ. ದವಾಖಾನೆ ಅನ್ನುವ ನಾಡು ನಮ್ಮದು, ಎರವಲು ಪದಕ್ಕೆ ಹೆದರಬೇಕಿಲ್ಲ. ನನಗೆ ‘ತ್ಯಾಜ್ಯ’ಕ್ಕಿಂತ ‘ಸಂಗ್ರಹ’ದ ಚಿಂತೆ ಜಾಸ್ತಿ. ಸಂಗ್ರಹ ಅಂದ್ರೆ ತಂದು ಹಾಕಿ ಹೋಗು ಅಂದ ಹಾಗೆ. ದುಡ್ಡು ಕೊಡ್ತಾರೋ ಇಲ್ಲವೋ? ಬೆಂಬಲ ಬೆಲೆಗೆ ತೊಗರಿ ಕೊಳ್ಳುವ ಜಾಗಕ್ಕೆ ‘ಖರೀದಿ ಕೇಂದ್ರ’ ಅಂತಾರೆ, ಅಲ್ವಾ? ಕಾಳಿಗೆ ಖರೀದಿ, ಕಟ್ಟಿಗೆಗೆ ಸಂಗ್ರಹ ಯಾಕೆ? ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ ಮತ್ತು ಬೇಲಿಗೆ. ರೈತ ಎರಡನ್ನೂ ಎಣಿಸಿಯೇ ಇಟ್ಟಿರುತ್ತಾನೆ. ಎಲ್ಲ ಸೇರಿಸಿ ‘ಉಳಿಕೆ’ ಅಂದ್ರೆ ಹೊಟ್ಟನ್ನೂ ಹೇರಿಕೊಂಡು ಬರ್ತಾರೆ, ನೋಡಿ.

ಯಾದಗಿರಿಯಿಂದ:
ಖರೀದಿ ಫಾರ್ಸಿ. ‘ಕೊಳ್ಳುವ ಕೇಂದ್ರ’ ಆಗಬೇಕು.

ಬೀದರ್‌ನಿಂದ:
ಕೇಂದ್ರವೂ ಗ್ರೀಕಿನಿಂದ ಬಂದದ್ದು. ಅದನ್ನೂ ತೆಗೀರಿ ಹಾಗಾದ್ರೆ.

ಆಳಂದದಿಂದ:
ಕಲಬುರಗಿ ಅಕ್ಕಾ, ಹೊಟ್ಟಿನ ಮಾತು ನನಗೆ ಹೊಳೆದೇ ಇರಲಿಲ್ಲ. ಪೇಂಟರ್‌ಗೆ ಬರೆದು ಕಳಿಸಿದೆ: ‘ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ ಖರೀದಿ ಕೇಂದ್ರ’. ಪೆಲೆಟ್ ಹಾಗೇ ಪೆಲೆಟ್. ಕೆಳಗೆ ಒಂದು ಪಟ್ಟಿ ಕಪ್ಪು ಬಳಿಯಲು ಹೇಳಿದ್ದೀನಿ, ಕ್ವಿಂಟಲ್ ದರ ದಿನಾ ಸುಣ್ಣದ ಕಡ್ಡಿಯಲ್ಲಿ ಬರೆಯೋಕೆ.